ಕಣ್ಣು ತೆರೆಸಿದ ಫೋಟೋ

ಕ್ಯಾಮೆರಾ ಯಾಕೆ ಎಂದು ಕೇಳಿದವರಿಗೆಲ್ಲ ಪ್ರವಾಸಕ್ಕೆ ಎಂದು ಹೇಳುತ್ತಿದ್ದೆ. ಅದು ಅರ್ಧ ನಿಜ. ನಾನು ಕೊಪ್ಪಳದ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವವಳು. ರಜೆ ಸಿಕ್ಕಾಗ ಅವ್ವನನ್ನು ಕರೆದುಕೊಂಡು ಆನೆಗೊಂದಿ, ಇಟಗಿ, ಕುಕನೂರು ಎಂದು ತಿರುಗುವ ಹುಚ್ಚು ನನಗೆ ಮೊದಲಿನಿಂದಲೂ ಇದೆ. ಸ್ಟಾಫ್ ರೂಮಿನಲ್ಲಿ ತಲೆಗೊಂದು ಬುದ್ಧಿ ಹೇಳಿದರು. ಕೈಯಲ್ಲಿ ಫೋನ್ ಇಟ್ಟುಕೊಂಡು ಕ್ಯಾಮೆರಾ ಕೊಳ್ಳುವವರು ಈ ಕಾಲದಲ್ಲೂ ಇದ್ದಾರಾ ಎಂದು ಗಣಿತದ ಮೇಷ್ಟ್ರು ನಕ್ಕರು. ನಾನು ಸುಮ್ಮನಿದ್ದೆ. ನಾನು ಸುಮ್ಮನಿರುವುದು ಅಪರೂಪವಾದ್ದರಿಂದ ಅವರೂ ಗಾಬರಿಯಾಗಿ ಸುಮ್ಮನಾದರು.

ಉಳಿದ ಅರ್ಧ ನಿಜ ನಮ್ಮ ಮನೆಯ ಗೋಡೆಯ ಮೇಲಿತ್ತು.

ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಅಪ್ಪ ಯಲಬುರ್ಗಾದ ಮನೆಯಲ್ಲಿ ತೀರಿಕೊಂಡಾಗಲೂ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೊಸ ಧೋತರ ಉಡಿಸಿ, ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಸುತ್ತ ನಾವೆಲ್ಲ ಕೂತು ಫೋಟೋ ತೆಗೆಸಿಕೊಂಡೆವು. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಿರಿಯರದು ಎಂದು ಇರುವುದು ಅದೊಂದೇ ಫೋಟೋ. ಅಪ್ಪನದೂ ಅಷ್ಟೇ. ಓಟಿನ ಕಾರ್ಡಿನಲ್ಲಿದ್ದ ಮುಖದ ಮೇಲೆ ಮಸಿ ಹರಡಿ, ಅದು ಅಪ್ಪನದೂ ಆಗಬಹುದಿತ್ತು, ಎದುರು ಮನೆಯವರದೂ ಆಗಬಹುದಿತ್ತು.

ಆ ಫೋಟೋದಿಂದ ಮುಖವನ್ನಷ್ಟೇ ಬಿಡಿಸಿ ದೊಡ್ಡದು ಮಾಡಲು ನಮ್ಮ ಕಾಕಾ ಕುಷ್ಟಗಿಯ ಸ್ಟುಡಿಯೋ ಒಂದಕ್ಕೆ ಕೊಟ್ಟರು. ಕಣ್ಣು ಮುಚ್ಚಿದ ಫೋಟೋ ಮನೆಯಲ್ಲಿ ಹಾಕಬಾರದಂತೆ. ಅದಕ್ಕೆ ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಕಣ್ಣು ತೆರೆಸುತ್ತಾರೆ. ಅಂದರೆ ತಮ್ಮಲ್ಲಿರುವ ಬೇರೆ ಯಾರದೋ ಫೋಟೋದಿಂದ ಕಣ್ಣು ತಂದು ಸತ್ತವರ ಮುಖದ ಮೇಲೆ ಕೂರಿಸುತ್ತಾರೆ. ಯಾರ ಕಣ್ಣು ಎಂದು ಯಾರೂ ಕೇಳುವುದಿಲ್ಲ. ಕಟ್ಟು ಹಾಕಿಸಿ ತಂದ ದಿನ ಅವ್ವ ನೋಡಿ, ಇವು ಅವರ ಕಣ್ಣಲ್ಲ ಎಂದಳು. ಕಾಕಾ ಗದರಿಸಿದರು. ನಾನೂ ನೋಡಿದೆ. ಅಪ್ಪನ ಮುಖದ ಮೇಲೆ ಬೆಳಕು ಬಲಗಡೆಯ ಬಾಗಿಲಿನಿಂದ ಬಿದ್ದಿತ್ತು. ಕಣ್ಣೊಳಗಿನ ಹೊಳಪು ಮಾತ್ರ ಎಡಗಡೆಗಿತ್ತು. ಚಿತ್ರ ಕಲಿತವಳಿಗೆ ಇಂಥದ್ದು ಒಮ್ಮೆ ಕಂಡರೆ ಆಮೇಲೆ ಅದೇ ಕಾಣುತ್ತಿರುತ್ತದೆ.

ಇದಾಗಿ ಇಪ್ಪತ್ತು ವರ್ಷ ಮೇಲಾಯಿತು. ನಾವು ಕೊಪ್ಪಳಕ್ಕೆ ಬಂದೆವು, ಫೋಟೋ ನಮ್ಮ ಜೊತೆ ಬಂತು. ಬೆಳಗ್ಗೆ ಅವ್ವ ಮೊದಲ ಲೋಟ ಚಹಾವನ್ನು ಅದರ ಮುಂದೆ ಇಡುತ್ತಾಳೆ. ಆದರೆ ಅದರ ಮುಂದೆ ಹಾಯುವಾಗ ಪರ ಗಂಡಸಿನ ಮುಂದೆ ಹಾಯುವಂತೆ ಸೆರಗು ಎಳೆದುಕೊಳ್ಳುತ್ತಾಳೆ. ನನಗೆ ಹೆದರಿಕೆ ಹುಟ್ಟಿಸಿದ್ದು ಬೇರೆಯದು. ಒಂದು ಮಧ್ಯಾಹ್ನ ಶಾಲೆಯಲ್ಲಿ ಸುಮ್ಮನೆ ಕೂತು ಅಪ್ಪನನ್ನು ನೆನೆದೆ. ಹೊಲದಿಂದ ಬರುತ್ತಿದ್ದ ಅಪ್ಪ, ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡ ಅಪ್ಪ, ಎಲ್ಲ ನೆನಪುಗಳಲ್ಲೂ ಅಪ್ಪನ ಮುಖದಲ್ಲಿ ಆ ಕಣ್ಣುಗಳೇ ಇದ್ದವು. ಅಪ್ಪನ ನಿಜವಾದ ಕಣ್ಣು ಎಂಥವು ಎಂದು ಎಷ್ಟು ತಡಕಾಡಿದರೂ ಸಿಗಲಿಲ್ಲ. ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು. ಅವ್ವನಿಗೆ ಹೀಗಾಗಲು ಬಿಡುವುದಿಲ್ಲ ಎಂದು ಅವತ್ತೇ ಹಟ ಹಿಡಿದೆ. ಅವಳು ಬದುಕಿರುವಾಗ, ಅವಳದೇ ಕಣ್ಣು ತೆರೆದಿರುವ ಒಂದು ಫೋಟೋ ನನಗೆ ಬೇಕಿತ್ತು. ಬೇರೇನೂ ಬೇಡ.

ಅವ್ವ ಕೊಡುವವಳಲ್ಲ. ಮದುವೆಯ ಆಲ್ಬಮ್ಮುಗಳಲ್ಲಿ ಅವ್ವ ಎಂದರೆ ಒಂದು ಸೆರಗು, ಒಂದು ಕಿವಿ. ಆಧಾರ್ ಕಾರ್ಡಿನಲ್ಲಿ ಕಣ್ಣು ಕಿರಿದು ಮಾಡಿ ಬೆಕ್ಕು ಕಂಡ ಕೋಳಿಯಂತೆ ಕೂತಿದ್ದಾಳೆ. ಫೋನ್ ಎತ್ತಿದರೆ ಎದ್ದು ಒಳಗೆ ಹೋಗುತ್ತಾಳೆ. ಒಂದು ಸಲ ನಾನು ಜಗಳಕ್ಕೇ ಬಿದ್ದಾಗ ಅವಳು ಗೋಡೆಯ ಕಡೆ ಗದ್ದ ಎತ್ತಿ ತೋರಿಸಿ, "ನನ್ನ ನೋಡಾವ್ರು ಒಬ್ರು ಅದಾರಲ್ಲ, ಅಷ್ಟ ಸಾಕು" ಎಂದಳು.

ಹತ್ತಿರ ಹೋದರೆ ಆಗದು ಎಂದಾದ ಮೇಲೆ ದೂರದಿಂದ ತೆಗೆಯಬೇಕು. ಊರು ತಿರುಗುವಾಗ ಅವ್ವ ಮೈಮರೆತು ನೋಡುತ್ತಾ ನಿಲ್ಲುತ್ತಾಳೆ, ಅಂಥ ಹೊತ್ತಿನಲ್ಲಿ. ಅದಕ್ಕೇ ಜೂಮ್ ಇರುವ ಕ್ಯಾಮೆರಾ.

ಗಂಗಾವತಿಯಲ್ಲಿ ಮದುವೆ ಫೋಟೋಗ್ರಾಫರುಗಳಿಗೆ ಸಾಮಾನು ಮಾರುವ ಅಂಗಡಿಯೊಂದು ಎರಡನೆಯ ಮಹಡಿಯಲ್ಲಿದೆ. ಮಾಲೀಕರು ಕ್ಯಾಮೆರಾ ತೋರಿಸಲು ಸಿಕ್ಕಿದ ಗಿರಾಕಿಯನ್ನು ಬಿಡುವವರಲ್ಲ. ಮೂರು ಕ್ಯಾಮೆರಾ ತಂದು ಮುಂದಿಟ್ಟರು. ಒಂದು ಚಿಕ್ಕದು, ಅಗ್ಗದ್ದು, ಕೈಚೀಲದಲ್ಲಿ ಕೂರುವಂಥದ್ದು. ಒಂದು ನನ್ನ ಕಿಸೆಗೂ ಭುಜಕ್ಕೂ ಮೀರಿದ್ದು. ನಡುವಿನದು ಬೆಲೆಯಲ್ಲೂ ತೂಕದಲ್ಲೂ ನಡುವಿನದೇ. ಡಬ್ಬದ ಮೇಲೆ ಬರೆದ ದೊಡ್ಡ ಅಂಕಿಗಳನ್ನು ನಂಬಬೇಡಿ, ಗಾಜಿನಿಂದಲೇ ಹತ್ತಿರ ತರುವುದು ಎಷ್ಟು ಎಂದು ಕೇಳಿ, ಉಳಿದ ಡಿಜಿಟಲ್ ಜೂಮ್ ಬರೀ ಸುಳ್ಳು ಎಂದರು. "ರೊಟ್ಟಿ ಬಡದಂಗ್ರಿ ಟೀಚರ್. ಅಗಲ ಆಗತೈತಿ, ಹಿಟ್ಟು ಅಷ್ಟ ಇರತೈತಿ." ನಮ್ಮ ಬಿಸಿಲಿಗೆ ಹಿಂದಿನ ಪರದೆ ಏನೂ ಕಾಣುವುದಿಲ್ಲ, ಕಣ್ಣಿಟ್ಟು ನೋಡುವ ಕಿಂಡಿ ಇರಲೇಬೇಕು ಎಂದರು. ನನಗೆ ಅವರ ಮಾತು ಹಿಡಿಸಿತು. ನೋಡಿಯೇ ಆರಿಸಿ ಎಂದು ಮೂರನ್ನೂ ಕೊಟ್ಟು ಬಾಲ್ಕನಿಗೆ ಕಳಿಸಿದರು.

ಬೀದಿ ಉದ್ದಕ್ಕೆ ಹರಿದಿತ್ತು. ತುದಿಯಲ್ಲಿ ಗಾದಿ ಹೊಲಿಯುವ ಅಂಗಡಿ, ಅದರ ಮುಂದೆ ಹತ್ತಿಯ ರಾಶಿ, ಪಕ್ಕದಲ್ಲಿ ಒಬ್ಬ ಮನುಷ್ಯ. ಬರಿಗಣ್ಣಿಗೆ ಅಷ್ಟೇ. ಚಿಕ್ಕ ಕ್ಯಾಮೆರಾದಲ್ಲಿ ಅವರ ಬಿಳಿ ಟೋಪಿ ಕಂಡಿತು, ಬಗ್ಗಿ ಹೊಲಿಯುತ್ತಿರುವುದು ಕಂಡಿತು, ಇನ್ನೂ ಎಳೆದಾಗ ಮುಖ ಪುಡಿಪುಡಿಯಾಯಿತು. ದೊಡ್ಡದರಲ್ಲಿ ಕೈಬೆರಳೂ ಕಂಡಿತು, ಆದರೆ ಅದರ ಭಾರಕ್ಕೆ ನನ್ನ ಕೈ ನಡುಗಿ ಮನುಷ್ಯನೇ ಕುಣಿಯುತ್ತಿದ್ದಂತಾಯಿತು. ನಡುವಿನದನ್ನು ಎತ್ತಿಕೊಂಡೆ. ಕೈ ಅಲುಗಿದರೂ ಚಿತ್ರ ಅಲುಗದಂತೆ ಹಿಡಿಯುವ ವ್ಯವಸ್ಥೆ ಅದರಲ್ಲಿ ಚೆನ್ನಾಗಿತ್ತು. ಮುಖ ಹತ್ತಿರ ಬಂದು ಕಿಂಡಿಯ ತುಂಬ ಸ್ಥಿರವಾಗಿ ಕೂತಿತು.

ಆಗ ಅವರು ಹೊಲಿಯುವುದನ್ನು ನಿಲ್ಲಿಸಿ ತಲೆ ಎತ್ತಿದರು.

ನಮ್ಮ ಗೋಡೆಯ ಮೇಲಿನ ಕಣ್ಣುಗಳು. ಅದೇ ರೆಪ್ಪೆಯ ಇಳಿತ, ಬಲಗಣ್ಣಿನ ತುದಿಯಲ್ಲಿ ಅದೇ ಚಿಕ್ಕ ಮಡಿಕೆ. ಬಿಸಿಲು ಬೀದಿಯ ಎಡಗಡೆಯಿಂದ ಬೀಳುತ್ತಿತ್ತು, ಹೊಳಪೂ ಎಡಕ್ಕೇ ಇತ್ತು. ಅವು ನೇರವಾಗಿ ನನ್ನನ್ನು ನೋಡುತ್ತಿದ್ದವು. ಕ್ಯಾಮೆರಾ ಇಳಿಸಿದೆ. ಬೀದಿಯ ತುದಿಯಲ್ಲಿ ಹತ್ತಿಯ ರಾಶಿ, ಒಂದು ಚುಕ್ಕೆ. ಅಷ್ಟು ದೂರದಿಂದ ಮಹಡಿಯ ಮೇಲಿನ ನಾನು ಯಾರಿಗೂ ಕಾಣಲು ಸಾಧ್ಯವಿರಲಿಲ್ಲ. ಮತ್ತೆ ಕಣ್ಣಿಟ್ಟೆ. ಅವರು ಇನ್ನೂ ನೋಡುತ್ತಲೇ ಇದ್ದರು. ನನ್ನ ಬೆರಳು ತಾನೇ ಒತ್ತಿತು.

ಇದನ್ನೇ ಕೊಡಿ ಎಂದೆ. ಉಳಿದವರು ಇಡೀ ದಿನ ತಿರುವಿ ಹಾಕುತ್ತಾರೆ, ನೀವು ಬೇಗ ಮುಗಿಸಿದಿರಿ ಎಂದು ಮಾಲೀಕರು ಮೆಚ್ಚಿಕೊಂಡರು.

ಇಳಿದು ಬೀದಿಯ ತುದಿಗೆ ನಡೆದೆ. ಗಾದಿಯವರು ನನಗಿಂತ ಸ್ವಲ್ಪ ಹಿರಿಯರು, ಮೃದು ಮಾತಿನವರು. ನಾನು ಬಾಯಿ ತೆರೆಯುವ ಮೊದಲೇ, ಮೇಲಿನಿಂದ ನೋಡುತ್ತಿದ್ದವರು ನೀವೇ ಏನು ಎಂದು ಕೇಳಿದರು. ಯಾರಾದರೂ ತನ್ನನ್ನು ನೋಡುತ್ತಿದ್ದರೆ ತಿಳಿಯುತ್ತದೆಯಂತೆ, ಬಹಳ ವರ್ಷಗಳಿಂದ ಹೀಗೆಯಂತೆ. ಮೂಲ ಯಾವ ಊರು ಎಂದೆ. ಕುಷ್ಟಗಿ. ಅಲ್ಲಿ ಫೋಟೋ ತೆಗೆಸಿದ್ದಿರಾ ಎಂದೆ. ಹರೆಯದಲ್ಲಿ ಪರದೇಶಕ್ಕೆ ಹೋಗುವ ಆಸೆಯಿಂದ ಪಾಸ್‌ಪೋರ್ಟಿಗೆಂದು ತೆಗೆಸಿದ್ದರು. ಅವರು ಹೆಸರಿಸಿದ್ದು ಅದೇ ಸ್ಟುಡಿಯೋ. ನಾನು ಫೋಟೋದ ಕಥೆಯನ್ನು ಹೇಳಿದೆ. ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು.

"ಮುಂಜಾನಿ ಎಚ್ಚರಾದ ಕೂಡ್ಲೆ, ಕಣ್ಣು ಬಿಡೂಕಿಂತ ಮೊದ್ಲ, ಯಾರೋ ನನ್ನ ಮುಂದ ನಿಂತಂಗ ಆಗತೈತ್ರಿ. ಹೆಣ್ಮಗಳು. ಚಾದ ವಾಸ್ನಿ ಬರತೈತಿ. ಆಕಿ ಅಳತಾಳ್ರಿ."

ಕೊಪ್ಪಳದ ಕಣ್ಣಿನ ಡಾಕ್ಟರು ಕಣ್ಣು ಸ್ವಚ್ಛವಿದೆ ಎಂದಿದ್ದರಂತೆ. ದರ್ಗಾದಿಂದ ತಂದು ಕಟ್ಟಿಕೊಂಡ ತಾಯಿತವನ್ನು ಅಂಗಿಯ ಕೊರಳು ಸರಿಸಿ ತೋರಿಸಿದರು. ನಾನು ಅವರಿಗೆ ಚಹಾದ ಮಾತನ್ನೇ ಎತ್ತಿರಲಿಲ್ಲ. ಅವ್ವ ಅಳುತ್ತಾಳೆ ಎಂಬುದಂತೂ ಒಂದೇ ಮನೆಯಲ್ಲಿರುವ ನನಗೇ ಗೊತ್ತಿರಲಿಲ್ಲ.

ಮನೆಗೆ ಬಂದು ಕ್ಯಾಮೆರಾದ ಪರದೆಯಲ್ಲಿ ಆ ಮುಖವನ್ನು ಅವ್ವನಿಗೆ ತೋರಿಸಿದೆ. ಅಂಗೈಯಷ್ಟು ಪರದೆಯ ಮುಂದೆ ಅವಳು ಸೆರಗು ಎಳೆದುಕೊಂಡಳು. ಯಾರು, ಎಲ್ಲಿಯವರು ಎಂದು ಕೇಳಲಿಲ್ಲ. ವಯಸ್ಸಾಗೈತಿ ಎಂದಳು, ಅಷ್ಟೇ. ಅವರು ಹೇಳಿದ್ದನ್ನು ನಾನು ಹೇಳಿದಾಗ ಎದ್ದು ಅಡುಗೆಮನೆಗೆ ಹೋದಳು. ಊಟವಾದ ಮೇಲೆ ಕೈ ಒರೆಸಿಕೊಳ್ಳುತ್ತಾ ಬಂದು, ಒಮ್ಮೆ ನನ್ನನ್ನು ಅವರ ಎದುರಿಗೆ ಕೂರಿಸು ಎಂದಳು.

ಗಾದಿಯವರ ತಂಗಿಯ ಮನೆ ಮುನಿರಾಬಾದಿನ ಡ್ಯಾಮ್ ಕಾಲೋನಿಯಲ್ಲಿತ್ತು. ಹುಣ್ಣಿಮೆಗೆ ನಾವು ಹೇಗೂ ಹುಲಿಗಿಗೆ ಹೋಗುವವರು. ಅವತ್ತು ತಂಗಿಯ ಮನೆಗೇ ಬಂದಿರುತ್ತೇನೆ ಎಂದು ಗಾದಿಯವರು ಹೇಳಿದರು. ಹುಲಿಗೆಮ್ಮನಿಗೆ ಕಾಯಿ ಒಡೆಸಿ, ಜನದ ನುಗ್ಗಾಟದಿಂದ ಬಿಡಿಸಿಕೊಂಡು ನಾವು ಮುನಿರಾಬಾದ್ ಮುಟ್ಟಿದಾಗ ಅವರು ಕಾಲುವೆಯ ದಂಡೆಯಲ್ಲಿ, ಬೇವಿನ ಮರದ ಕೆಳಗಿನ ಕಲ್ಲು ಬೆಂಚಿನ ಮೇಲೆ ಕೂತಿದ್ದರು. ಅವ್ವ ಅವರ ಎದುರಿನ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಳು. ನಾನು ಡ್ಯಾಮಿನ ಫೋಟೋ ತೆಗೆದು ಬರುತ್ತೇನೆ ಎಂದು ಹೇಳಿ ಕಾಲುವೆಯ ಸೇತುವೆಯವರೆಗೂ ನಡೆದೆ. ಅಲ್ಲಿಂದ ಅವರಿಬ್ಬರೂ ಎರಡು ಬಣ್ಣದ ಚುಕ್ಕೆಗಳಾಗಿದ್ದರು.

ಜೂಮ್ ಎಳೆದೆ. ಈ ಕ್ಯಾಮೆರಾಗಳ ಒಂದು ಗುಣವನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಅವು ಮನುಷ್ಯರನ್ನು ಮೊಳದಷ್ಟು ಹತ್ತಿರ ತರುತ್ತವೆ, ದನಿಯನ್ನು ಅಲ್ಲೇ ಬಿಟ್ಟು ಬರುತ್ತವೆ. ಅವ್ವನ ತುಟಿ ಅಲುಗುತ್ತಿತ್ತು. ನನ್ನ ಕಿವಿಯಲ್ಲಿ ಕಾಲುವೆಯ ನೀರಿನ ಸದ್ದು ಮಾತ್ರ ಇತ್ತು. ಅವರು ಅವ್ವನನ್ನೇ ನೋಡುತ್ತಿದ್ದರು, ಗೋಡೆಯ ಮೇಲಿನಿಂದ ನೋಡುವ ಹಾಗೆಯೇ. ಅವ್ವ ಮತ್ತೇನೋ ಅಂದಳು. ಅವರು ಕಣ್ಣು ಮುಚ್ಚಿದರು.

ಮುಚ್ಚಿದವರು ತೆರೆಯಲಿಲ್ಲ. ಮರಕ್ಕೆ ಬೆನ್ನು ಕೊಟ್ಟು, ಕೈಗಳನ್ನು ತೊಡೆಯ ಮೇಲಿಟ್ಟು, ಹಾಗೇ ಕೂತರು. ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ನನಗೆ ಭಯವಾಯಿತು. ಅವ್ವ ಅವರ ಮುಖವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಸೆರಗನ್ನು ತಲೆಯಿಂದ ಹಿಂದಕ್ಕೆ ಸರಿಸಿದಳು. ಮರವನ್ನು ನೋಡಿದಳು, ನೀರನ್ನು ನೋಡಿದಳು. ಬಳಿಕ ಮುಖ ಎತ್ತಿ, ಕಣ್ಣು ಅಗಲಕ್ಕೆ ತೆರೆದು, ಅಷ್ಟು ದೂರದ ಸೇತುವೆಯ ಮೇಲಿದ್ದ ನನ್ನನ್ನು ನೇರವಾಗಿ ನೋಡಿದಳು. ಕೈಯಿಂದ ತಗೋ ಎಂಬಂತೆ ಸನ್ನೆ ಮಾಡಿದಳು.

ತೆಗೆದೆ. ಒಂದೇ ತೆಗೆದೆ. ಎರಡನೆಯದಕ್ಕೆ ನನಗೆ ಕಿಂಡಿಯಲ್ಲಿ ಏನೂ ಕಾಣಲಿಲ್ಲ, ಕಣ್ಣು ತುಂಬಿಬಿಟ್ಟಿತ್ತು.

ಏನು ಹೇಳಿದೆ ಎಂದು ಬಸ್ಸಿನಲ್ಲಿ ಕೇಳಿದೆ. ಅವ್ವ ಕಿಟಕಿಯ ಹೊರಗೆ ನೋಡುತ್ತಾ, "ನೀವು ನೋಡಿದ್ದು ಸಾಕ್ರಿ ಅಣ್ಣಾರ, ಇನ್ನ ಸ್ವಲ್ಪ ನಾ ನೋಡ್ತೀನಿ ಅಂದೆ" ಎಂದಳು. ಗಾದಿಯವರಿಗೆ ಈಗ ಬೆಳಗಿನ ಹೊತ್ತು ಏನಾಗುತ್ತದೆ ಎಂದು ನಾನು ಕೇಳಿಲ್ಲ. ಕೇಳುವ ಧೈರ್ಯ ನನಗಿಲ್ಲ.

ಮನೆಯಲ್ಲಿ ಅವ್ವನನ್ನು ಪಕ್ಕಕ್ಕೆ ಕೂರಿಸಿಕೊಂಡು ಫೋಟೋವನ್ನು ಪರದೆಯ ಮೇಲೆ ದೊಡ್ಡದು ಮಾಡಿದೆ. ಬೇಕಾದದ್ದು ಸಿಕ್ಕಿತ್ತು. ಅವ್ವನದೇ ಕಣ್ಣು, ಎರಡೂ ತೆರೆದಿದ್ದವು, ಸ್ಪಷ್ಟವಾಗಿದ್ದವು. ಆದರೆ ಎಡಗಣ್ಣಿನ ಬಿಳಿಯಲ್ಲಿ, ಕೆಳಗಿನ ರೆಪ್ಪೆಯ ಅಂಚಿನಲ್ಲಿ, ಎಳ್ಳಿನಷ್ಟು ಕಪ್ಪು ಚುಕ್ಕೆಯೊಂದಿತ್ತು. ಹೊಸ ಕ್ಯಾಮೆರಾದ ಲೆನ್ಸಿನೊಳಗೆ ಆಗಲೇ ಧೂಳು ಸೇರಿದೆ ಎಂದು ಗಂಗಾವತಿಯ ಅಂಗಡಿಯವರನ್ನು ಬಾಯಿಗೆ ಬಂದಂತೆ ಬೈದೆ. ಸೆರಗಿನ ತುದಿಯಿಂದ ಪರದೆಯನ್ನು ಉಜ್ಜಿದೆ.

"ಒರಸಬ್ಯಾಡ" ಎಂದಳು ಅವ್ವ. "ಅದು ನಂದ. ಹುಟ್ಟಿದಾಗಿಂದ ಐತಿ. ನಿಮ್ಮಪ್ಪಗ ಗೊತ್ತಿತ್ತು."

ನಾನು ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದೆ. ಅವಳು ಕಣ್ಣು ಅಗಲಿಸಿ ತೋರಿಸಿದಳು. ಇತ್ತು. ನನ್ನ ಜನ್ಮವಿಡೀ ಅಲ್ಲೇ ಇತ್ತು. ನಾಳೆ ಯಾವನೋ ಸ್ಟುಡಿಯೋದವನು ಬೇರೆ ಯಾರದೋ ಕಣ್ಣನ್ನು ಅವಳ ಮುಖಕ್ಕೆ ಕೂರಿಸಿ ಕೊಟ್ಟಿದ್ದರೆ, ಚೆನ್ನಾಗಿ ಬಂದಿದೆ ಎಂದು ಹೇಳಿ ತಂದು ಗೋಡೆಗೆ ಹಾಕುತ್ತಿದ್ದವಳು ನಾನೇ.