ಹೊಂಡದ ದಂಡೆಯ ಕೆಸು

ಎರಡನೇ ತುತ್ತಿಗೆ ಮಾವನವರ ಮಾತು ನಿಂತಿತು. ಉಣ್ಣುವಾಗಲೂ ಮಾತು ಬಿಡದ ಅವರು ಗಂಟಲು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ತುಟಿ ಊದಿತ್ತು. ಶೇಡಬಾಳದ ನಮ್ಮ ದ್ರಾಕ್ಷಿ ತೋಟದ ಹೊಂಡದ ದಂಡೆಯಲ್ಲಿ ತಾನಾಗಿ ಬೆಳೆದಿದ್ದ ಗಿಡವನ್ನು ಬೆಳಿಗ್ಗೆ ಮೊಬೈಲಿನಲ್ಲಿ ಫೋಟೊ ಹಿಡಿದು ಪರೀಕ್ಷಿಸಿ, ಕೆಸುವೆಂದು ಸಾರಿ, ಎಲೆ ಕೊಯ್ದು, ಹಿಟ್ಟು ಸವರಿ ಸುತ್ತಿ ವಡಿ ಮಾಡಿದವಳು ನಾನೇ, ಸಸ್ಯಶಾಸ್ತ್ರದ ಪದವೀಧರೆ!

ಗಂಡ ತಟ್ಟೆ ಸರಿಸಿ, ದವಾಖಾನೆಗೆಂದು ಬೈಕ್ ಹೊರತೆಗೆಯುವಷ್ಟರಲ್ಲಿ ಪಕ್ಕದ ಮನೆಯ ಜೈನರ ಹಿರಿಯಾಕೆ ಕಾಕು ಹುಣಸೆ ನೀರು ತಂದು ಕುಡಿಸಿದರು.

"ಕಾಡ ಕೆಸ ಐತಿ ಬೇ ಅದು! ಕೊಯ್ಯೂ ಮೊದ್ಲ ಮುಂಗೈಗೆ ತಿಕ್ಕಿ ನೋಡಬಾರದಾ? ಮಳಿಗಾಲದಾಗ ನಾವು ವ್ರತ ಅಂತ ಎಲಿ-ತಪ್ಪಲ ಪಲ್ಯ ಬಿಟ್ರ ನಗತಿದ್ದಿ. ಈಗ ನಗು ನೋಡೂಣು!"

ಅರ್ಧ ಗಂಟೆಯ ಮೇಲೆ ಮಾವನವರಿಗೆ ದನಿ ಬಂತು. ಆ ಅರ್ಧ ಗಂಟೆ ನನಗಿನ್ನೂ ಮುಗಿದಿಲ್ಲ. ಅವರ ಮೊದಲ ಮಾತು, "ಇನ್ನ ಮ್ಯಾಲ ಮೊದಲ ನೀ ಉಣ್ಣವಾ."

ಗಂಡಸರ ಊಟವಾದ ಮೇಲೆ ಸೊಸೆ ಉಣ್ಣುವ ನಮ್ಮ ಮನೆಯ ರೂಢಿ ಅಂದೇ ಮುರಿಯಿತು. ಈಗ ದಿನವೂ ಮಾವನವರು, ನಾನು ಬಡಿಸಿಟ್ಟ ತಮ್ಮ ತಟ್ಟೆಯ ಮುಂದೆ ಕೈಕಟ್ಟಿ ಕೂತು, ನಾನು ಮೊದಲ ತುತ್ತು ನುಂಗುವವರೆಗೆ ಕಾಯುತ್ತಾರೆ.