ಅಳತೆಗೆ ಅಡ್ಡಬಂದ ಕೂದಲು

ನನ್ನ ಕೂದಲನ್ನು ಉಳಿಸಿಕೊಟ್ಟವರೂ ತೆಗೆಸಿದವರೂ ಒಬ್ಬರೇ. ಹೀಗೆಂದಾಗಲೆಲ್ಲ ಕೇಳಿದವರು ನನ್ನ ಮುಖವನ್ನು ಒಂದು ಥರ ನೋಡುತ್ತಾರೆ, ಮುದುಕಿಗೆ ಅರಳುಮರಳು ಅಂದುಕೊಳ್ಳುತ್ತಾರೆ. ಅರಳುಮರಳಲ್ಲ. ಇಷ್ಟು ವರ್ಷವಾದರೂ ಆ ಮನುಷ್ಯರ ನೆನಪಾದರೆ ಕೈಯಲ್ಲಿದ್ದ ಕೆಲಸ ಕೈಯಲ್ಲೇ ನಿಲ್ಲುತ್ತದೆ.

ಇನ್ಫ್ಲುಯೆಂಜಾ ಊರೂರನ್ನೇ ಗುಡಿಸಿಕೊಂಡು ಹೋದ ವರ್ಷ ಧಾರವಾಡದಲ್ಲಿ ನನ್ನ ಗಂಡ ತೀರಿಕೊಂಡ. ನನಗಾಗ ಹದಿನಾರು. ಅವನ ದನಿ ಹೇಗಿತ್ತೆಂದು ಕೇಳಿದರೆ ಈಗಲೂ ಹೇಳಲಾರೆ, ಅಷ್ಟೇ ಸಂಸಾರ. ಸೋದರಮಾವ ಬಂದು ನನ್ನನ್ನು ಪುಣೆಗೆ ಕರೆದುಕೊಂಡು ಹೋದರು. ಮಾಮಾ ಅಲ್ಲಿ ನೀರಾವರಿ ಕಚೇರಿಯಲ್ಲಿ ಕಾರಕೂನರು. ಸದಾಶಿವ ಪೇಠೆಯಲ್ಲಿ ಹಲವು ಸಂಸಾರಗಳಿದ್ದ ಒಂದು ವಾಡೆ, ಅದರ ಹಿಂಭಾಗದಲ್ಲಿ ಎರಡು ಖೋಲಿಗಳ ಮನೆ. ಮಾಮಾನ ಹೆಂಡತಿ ಮೊದಲೇ ಹೋಗಿದ್ದಳು. ಮನೆಯಲ್ಲಿದ್ದವರು ನನ್ನ ಅವ್ವ ಮತ್ತು ಅವ್ವನ ಅವ್ವ, ಅಂದರೆ ಅಜ್ಜಿ. ಇಬ್ಬರೂ ವಿಧವೆಯರು, ಇಬ್ಬರೂ ತಲೆ ತೆಗೆಸಿಕೊಂಡು ಕೆಂಪು ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡವರು. ಮೂರನೆಯವಳಾಗಿ ನಾನು ಹೋಗಿ ಸೇರಿದೆ.

ನಾನು ಹೋದ ವಾರದಲ್ಲೇ ಅಜ್ಜಿ ಕ್ಷೌರಿಕನಿಗೆ ಹೇಳಿ ಕಳಿಸಿದ್ದಳು. ಅದನ್ನು ತಪ್ಪಿಸಿದವರು ವಾಡೆಯ ಮುಂಭಾಗದಲ್ಲಿದ್ದ ಪ್ರೊಫೆಸರರು. ಅವರು ಬೆಳಗಾವಿ ಕಡೆಯವರು, ಮನೆಮಾತು ಮರಾಠಿ, ನಮ್ಮೊಂದಿಗೆ ಮಾತ್ರ ಕನ್ನಡ. ಕಾಲೇಜಿನಲ್ಲಿ ಕಲಿಸುತ್ತಿದ್ದರು, ಸಭೆಗಳಲ್ಲಿ ವಿಧವೆಯರ ಪರವಾಗಿ ಮಾತಾಡುತ್ತಿದ್ದರು. ಒಂದು ಸಂಜೆ ನಮ್ಮ ಮನೆಗೆ ಬಂದು, ಮಾಮಾನ ಮುಂದೆ ಚಾಪೆಯ ಮೇಲೆ ಕೂತು, ಈ ಕೂಸಿನ ತಲೆಗೆ ಕತ್ತಿ ತಾಗಿಸಬೇಡಿರೆಂದು ಹಟ ಹಿಡಿದರು. ಚಹಾ ಆರಿಹೋಯಿತು, ಮತ್ತೆ ಕಾಸಿದೆವು, ಅದೂ ಆರಿತು. ಕಡೆಗೆ ಮಾಮಾ ಹೂಂ ಅಂದರು. ಹೀಗೆ ನಾನು ಸಕೇಶಿಯಾಗಿ ಉಳಿದೆ. ಕೂದಲು ಇಟ್ಟುಕೊಂಡ ವಿಧವೆಗೆ ಆಗಿನ ಹೆಸರು ಅದು.

ಅಜ್ಜಿ ಅಂದಿನಿಂದ ನನ್ನ ಕೈಯ ನೀರು ಬಿಟ್ಟಳು. ಸಕೇಶಿ ಮುಟ್ಟಿದ ನೀರು, ಸಕೇಶಿ ಬೇಯಿಸಿದ ಅನ್ನ ಮಡಿಯವರಿಗೆ ಸಲ್ಲುವುದಿಲ್ಲ. ಒಲೆಯ ಹತ್ತಿರ ಸುಳಿದರೆ, "ಅಲ್ಲೇ ನಿಲ್ಲಽ!" ಎಂದು ಒದರುತ್ತಿದ್ದಳು. ನನಗೇನೂ ಬೇಸರವಿರಲಿಲ್ಲ. ನಿಜ ಹೇಳಬೇಕೆಂದರೆ ಒಲೆ ಊದುವುದು ತಪ್ಪಿತೆಂದು ಹಿಗ್ಗಿದೆ. ಪ್ರೊಫೆಸರರ ಮಾತಿನಿಂದಲೇ ಹೆಂಗಸರ ಟ್ರೇನಿಂಗ್ ಶಾಲೆಗೂ ಸೇರಿದೆ. ಜಡೆ ಹೆಣೆದುಕೊಂಡು, ಪುಸ್ತಕ ಎದೆಗೊತ್ತಿಕೊಂಡು ಪೇಠೆಯ ಓಣಿಯಲ್ಲಿ ಹೋಗುವಾಗ ಕಟ್ಟೆಯ ಮೇಲಿನ ಗಂಡಸರು ಗೊಣಗುತ್ತಿದ್ದರು. ಗೊಣಗಲಿ ಅಂತ ಇನ್ನಷ್ಟು ಸಾವಕಾಶ ನಡೆಯುತ್ತಿದ್ದೆ. ಒಂದು ಸಭೆಯಲ್ಲಿ ಪ್ರೊಫೆಸರರು ನನ್ನನ್ನೇ ಉದಾಹರಣೆ ಕೊಟ್ಟು ಮಾತಾಡಿದರೆಂದು ಮಾಮಾ ಬಂದು ಹೇಳಿದಾಗ ಆ ದಿನವೆಲ್ಲ ನೆಲದ ಮೇಲೆ ನನ್ನ ಕಾಲು ನಿಲ್ಲಲಿಲ್ಲ. ಅವರು ನನ್ನ ಪಾಲಿಗೆ ದೇವರಾಗಿದ್ದರು. ದೇವರು ಎಂಬ ಮಾತನ್ನು ತೂಗಿ ನೋಡಿಯೇ ಬಳಸುತ್ತಿದ್ದೇನೆ.

ಆಮೇಲೆ ಅವರಿಗೆ ತಲೆ ಅಳೆಯುವ ಹುಚ್ಚು ಹತ್ತಿತು. ತಾಯಿಯ ತಲೆಯ ಆಕಾರ ಮಗಳಿಗೆ ಎಷ್ಟು ಬರುತ್ತದೆ, ಮಗಳಿಂದ ಮೊಮ್ಮಗಳಿಗೆ ಎಷ್ಟು ಇಳಿಯುತ್ತದೆ ಎಂಬ ಶೋಧ. ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದು ವಿಲಾಯತಿಗೆ ಕಳಿಸಬೇಕೆಂದು ಅವರ ಆಸೆ. ಅಲ್ಲಿಂದಲೇ ಒಂದು ಉಕ್ಕಿನ ಉಪಕರಣ ತರಿಸಿದ್ದರು. ಬಾಗಿದ ಎರಡು ಕೈ, ನಡುವೆ ಗೆರೆ ಕೊರೆದ ಪಟ್ಟಿ. ಅಜ್ಜಿ ಅದಕ್ಕೆ ಇಕ್ಕಳ ಎಂದೇ ಹೆಸರಿಟ್ಟಳು.

ಅಜ್ಜಿ ಆ ಇಕ್ಕಳಕ್ಕೆ ತಲೆ ಕೊಟ್ಟದ್ದೂ ಒಂದು ಸೋಜಿಗವೇ. ಪರಗಂಡಸು ಮುಟ್ಟುವುದೆಂದರೇನು? ಆದರೆ ಸ್ನಾನಕ್ಕೆ ಮೊದಲು ಮುಟ್ಟಿಸಿಕೊಂಡು ಆಮೇಲೆ ತಲೆಯ ಮೇಲೆ ನೀರು ಸುರಿದುಕೊಂಡರೆ ದೋಷವಿಲ್ಲವೆಂದು ತಾನೇ ತೀರ್ಮಾನ ಮಾಡಿದಳು. ಇಷ್ಟು ಓದಿದವರು ತನ್ನ ತಲೆಯಲ್ಲಿ ಏನೋ ಇದೆ ಅಂದರಲ್ಲ, ಆ ಖುಷಿ. ಅಜ್ಜಿಯನ್ನೂ ಅವ್ವನನ್ನೂ ಮಣೆಯ ಮೇಲೆ ಕೂರಿಸಿ ಪ್ರೊಫೆಸರರು ಅಳೆದರು. ಅವರ ಮುಖ ಅರಳಿದ್ದು ನನಗೆ ಚೆನ್ನಾಗಿ ನೆನಪಿದೆ.

"ನಡುವ ಒಂದ ಎಳಿ ಕೂದಲಾ ಇಲ್ಲ ನೋಡ್ರಿ! ಕಬ್ಬಿಣ ನೆಟ್ಟಗ ಎಲುಬಿನ ಮ್ಯಾಲ ಕೂಡತದ. ಇಂಥಾ ಅಳತಿ ಬ್ಯಾರೆ ಎಲ್ಲೂ ಸಿಗೂದಿಲ್ಲ," ಅಂದರು.

ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಅವ್ವ ಮಾತ್ರ ಸೆರಗು ಎಳೆದುಕೊಂಡು ಎದ್ದು ಒಳಗೆ ಹೋದಳು. ಪ್ರೊಫೆಸರರು ಉಪಕರಣವನ್ನು ಅರಿವೆಯಿಂದ ಒರೆಸುತ್ತ ನನ್ನ ಕಡೆ ತಿರುಗಿದರು. ಅವರು ನೋಡಿದ್ದು ನನ್ನ ಮುಖವನ್ನಲ್ಲ, ಮುಖಕ್ಕಿಂತ ತುಸು ಮೇಲಕ್ಕೆ.

ಮುಂದಿನ ಭಾನುವಾರ ಅವರು ಮತ್ತೆ ಬಂದು ಅದೇ ಚಾಪೆಯ ಮೇಲೆ ಕೂತರು. ನಾನು ಬಾಗಿಲ ಬಳಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ಒಂದೇ ಮನೆಯಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಸಿಗುವುದೇ ಕಷ್ಟ, ಅದರಲ್ಲಿ ಇಬ್ಬರ ಅಳತೆ ಇಷ್ಟು ಶುದ್ಧವಾಗಿ ಬಂದಿರುವಾಗ ಮೂರನೆಯದು ಕೂದಲಿನಿಂದ ಕೆಡಬಾರದು ಎಂದು ಮಾಮಾನಿಗೆ ವಿವರಿಸಿದರು. ಮಾಮಾನಿಗೆ ಮೊದಲು ತಿಳಿಯಲೇ ಇಲ್ಲ. ನನಗೂ ತಿಳಿಯಲಿಲ್ಲ. ತಿಳಿದಾಗ ಮೊರದ ಅಕ್ಕಿಯೆಲ್ಲ ನೆಲಕ್ಕೆ ಚೆಲ್ಲಿತು.

"ಅಲ್ರಿ," ಮಾಮಾ ತೊದಲಿದರು, "ತಗಸಬ್ಯಾಡ್ರಿ ಅಂದವರು ನೀವ ಅಲ್ಲೇನ್ರಿ?"

"ಅದು ರೂಢಿ ಇತ್ತು, ಅದಕ್ಕ ಬ್ಯಾಡ ಅಂದೆ. ಇದು ಶೋಧ. ಅದಕ್ಕೂ ಇದಕ್ಕೂ ಏನ್ರಿ ಸಂಬಂಧ? ಒಂದ ಸಲ, ಅಷ್ಟ. ಕೂದಲಾ ಮತ್ತ ಬೆಳೀತಾವ." ಆಮೇಲೆ ನನ್ನತ್ತ ತಿರುಗಿ, "ತಂಗಿ, ನೀ ಓದಿದಾಕಿ. ನಿನಗ ತಿಳೀತದ," ಅಂದರು.

ಅದು ಪ್ರಶ್ನೆಯಾಗಿರಲಿಲ್ಲ. ಪ್ರಶ್ನೆಯಾಗಿದ್ದರೆ ಉತ್ತರಕ್ಕಾಗಿ ಕಾಯುತ್ತಿದ್ದರು. ಅವರು ಮಾಮಾನ ಕಡೆ ತಿರುಗಿ ದಿನ ಗೊತ್ತುಮಾಡುವ ಮಾತಿಗೆ ಹೋಗಿಬಿಟ್ಟಿದ್ದರು. ನಾನು ಚೆಲ್ಲಿದ ಅಕ್ಕಿಯನ್ನು ಮೊರಕ್ಕೆ ಬಾಚತೊಡಗಿದೆ. ಯಾಕೆ ಸುಮ್ಮನಿದ್ದೆ ಎಂದು, ಮುಂದೆ ನಾನು ಶಿಕ್ಷಕಿಯಾದ ಮೇಲೆ, ನನ್ನ ವಿದ್ಯಾರ್ಥಿನಿಯರು ಎಷ್ಟೋ ಸಲ ಕೇಳಿದ್ದಾರೆ. ಬೇಡ ಎನ್ನುವ ಮಾತನ್ನು ನಮ್ಮ ಮನೆಯಲ್ಲಿ ನನ್ನ ಪರವಾಗಿ ಆಡಿದವರು ಅವರೊಬ್ಬರೇ. ಆ ಮಾತನ್ನು ಅವರಿಗೇ ತಿರುಗಿ ಹೇಳಬೇಕಾಗುತ್ತದೆಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಅವರು ಹೋದ ಮೇಲೆ ಅವ್ವ ಒಳಗಿನಿಂದ ಬಂದು, "ಅಣ್ಣಾ, ಬ್ಯಾಡ," ಅಂದಳು. ಅಷ್ಟೇ ಅಂದಳು.

"ಅಷ್ಟು ದೊಡ್ಡವರು ಮನೀತನಕಾ ಬಂದು ಕೇಳ್ಯಾರ. ಹೆಂಗ ಇಲ್ಲಾ ಅನ್ಲಿ?" ಅಂದರು ಮಾಮಾ. ಅವರ ದನಿಯೂ ಒಡೆದಿತ್ತು, ಆದರೆ ಒಡೆದ ದನಿಯಲ್ಲೇ ಒಪ್ಪಿಕೊಂಡಿದ್ದರು.

ಅಜ್ಜಿಗೆ ಮಾತ್ರ ಹಬ್ಬ. "ನಾ ಹೇಳಿದ್ರ ಕುರುಡು ನಂಬಿಕಿ, ಅವರು ಹೇಳಿದ್ರ ಶೋಧ! ಆಗವಲ್ದ್ಯಾಕ, ಹೆಸರು ಏನರ ಇರ್ಲಿ. ಕೆಲಸ ಆಗತದಲ್ಲ," ಎಂದು ನನ್ನ ಬೆನ್ನು ಸವರಿದಳು. ಆ ಮುದುಕಿಯ ಮೇಲೆ ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಆಕೆ ಮೊದಲಿನಿಂದಲೂ ಒಂದೇ ಮಾತು ಹೇಳಿಕೊಂಡು ಬಂದವಳು.

ಗೊತ್ತಾದ ದಿನ ಬೆಳಿಗ್ಗೆ ಹಿತ್ತಿಲಿನ ನೀರಿನ ತೊಟ್ಟಿಯ ಪಕ್ಕ ಕೂತೆ. ಕ್ಷೌರಿಕ ತಣ್ಣೀರು ಹಚ್ಚಿದ. ಮೊದಲು ಜಡೆ ಇಡಿಯಾಗಿ ಕೆಳಗೆ ಬಿತ್ತು, ಆಮೇಲೆ ಸಣ್ಣ ಸಣ್ಣ ಚೂರು. ಪ್ರೊಫೆಸರರು ಆಗಲೇ ಬಂದು ಹೊರಗಿನ ಖೋಲಿಯಲ್ಲಿ ಪತ್ರಿಕೆ ಓದುತ್ತ ಕಾಯುತ್ತಿದ್ದರು. ಹಾಳೆ ಮಗುಚುವ ಸಪ್ಪಳ ಹಿತ್ತಿಲಿಗೆ ಕೇಳುತ್ತಿತ್ತು. ಒಬ್ಬ ಮನುಷ್ಯ, ಹೆಣ್ಣಿನ ತಲೆ ಬೋಳಾಗುವುದನ್ನು ನಿಲ್ಲಿಸಿ ಎಂದು ಊರೆಲ್ಲ ಸಾರುವ ಮನುಷ್ಯ, ಅದು ಬೇಗ ಮುಗಿಯಲೆಂದು ಕಾಯುತ್ತ ಕೂತಿದ್ದಾನೆ! ಇದು ನಿಜವಾಗಿ ನಡೆಯುತ್ತಿದೆಯೆಂದು ನನಗೆ ನಂಬಿಕೆಯೇ ಬರಲಿಲ್ಲ. ಎದ್ದು ಹೋಗಿ ಅವರ ಮುಖವನ್ನೊಮ್ಮೆ ನೋಡಿ ಬರಬೇಕು ಅನ್ನಿಸಿತು. ಅರ್ಧ ಬೋಳಿಸಿದ ತಲೆಯಲ್ಲಿ ಹೇಗೆ ಏಳುವುದು?

ಅಳೆದರು. ಉಕ್ಕು ಕಿವಿಯ ಮೇಲ್ಗಡೆ ಎರಡೂ ಬದಿ ಒತ್ತಿತು, ಹಣೆಯಿಂದ ಹಿಂದಕ್ಕೆ ಒತ್ತಿತು. ಅವರು ಇಂಗ್ಲಿಷಿನಲ್ಲಿ ಅಂಕಿ ಹೇಳಿದರು, ಮಾಮಾ ಬರೆದುಕೊಂಡರು. "ಫಸ್ಟ್ ಕ್ಲಾಸ್!" ಅಂದರು ಪ್ರೊಫೆಸರರು. ಒಮ್ಮೆಯಾದರೂ ನನ್ನ ಕಣ್ಣಿಗೆ ಕಣ್ಣು ಕೊಟ್ಟು ಏನಾದರೂ ಹೇಳುತ್ತಾರೆಂದು ಕಾದೆ. ಉಪಕರಣವನ್ನು ಅದರ ಪೆಟ್ಟಿಗೆಯಲ್ಲಿ ಜೋಪಾನವಾಗಿ ಮಲಗಿಸಿ ಹೊರಟುಹೋದರು.

ನಾನು ಸ್ನಾನ ಮಾಡಿ ಕೆಂಪು ಸೀರೆ ಉಟ್ಟು ಬಂದೆ. ಅಜ್ಜಿ ನನ್ನನ್ನು ಒಲೆಯ ಹತ್ತಿರ ಕರೆದು, "ಒಂದ್ ತಂಬಗಿ ನೀರು ಕೊಡು," ಅಂದಳು. ಕೊಟ್ಟೆ. ಗಟಗಟ ಕುಡಿದು ಸಂತೋಷದಿಂದ ಅತ್ತಳು. "ಇನ್ನ ಮ್ಯಾಲ ತಿಂಗಳಾ ತಿಂಗಳಾ ಬರಾಕ ಹೇಳೇನಿ ಅವಗ," ಅಂದಳು.

"ಒಂದ ಸಲಾ ಅಂದಾರಲ್ಲ ಅಜ್ಜಿ. ಮತ್ತ ಬೆಳಸಬಹುದು ಅಂದಾರ."

"ಹುಚ್ಚಿ! ತಗಸದ ಇರೂದು ಒಂದು ಪಾಪ. ತಗಸಿ ಮತ್ತ ಬೆಳಸೂದು ಅದರಪ್ಪನಂಥಾ ಪಾಪ. ಯಾರರ ಬೆಳಸ್ಯಾರೇನು?"

ಯಾರೂ ಬೆಳೆಸಿರಲಿಲ್ಲ. ಪೇಠೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತಿದ್ದ ಈ ಸಂಗತಿ ವಿಧವೆಯರ ಬಗ್ಗೆ ಭಾಷಣ ಮಾಡುವವರಿಗೆ ಗೊತ್ತಿರಲಿಲ್ಲವೇ? ಮರುದಿನ ಮೆಟ್ಟಿಲ ಮೇಲೆ ಅವರನ್ನು ತಡೆದು, ಮಾಮಾನಿಗೆ ಒಂದು ಮಾತು ಹೇಳಿರಿ, ನೀವು ಹೇಳಿದರೆ ಕೇಳುತ್ತಾರೆ ಅಂದೆ. ಅವರು ಮುಜುಗರದಿಂದ ಛತ್ರಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

"ಅದು ನಿಮ್ಮ ಮನೀ ಮಾತು ತಂಗಿ. ನಡುವ ನಾ ಹೆಂಗ ಬರ್ಲಿ?"

ನಮ್ಮ ಚಾಪೆಯ ಮೇಲೆ ಎರಡೆರಡು ಸಲ ಕೂತು ಎದ್ದವರ ಮಾತಿದು!

ಶಾಲೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಜಡೆ ಇದ್ದಾಗ ಜಗಳವಾಡುತ್ತಿದ್ದ ಹುಡುಗಿಯರು ಈಗ ಮೆತ್ತಗೆ ಮಾತಾಡಿದರು, ಜಾಗ ಬಿಟ್ಟುಕೊಟ್ಟರು. ಆ ಮರ್ಯಾದೆ ನನ್ನನ್ನು ಸುಟ್ಟಿತು. ಎರಡನೆಯ ತಿಂಗಳು ಕ್ಷೌರಿಕ ಬಂದ, ಕೂತೆ. ಪಾಪವೋ ಪುಣ್ಯವೋ ಯೋಚಿಸುವ ತ್ರಾಣವೂ ಇರಲಿಲ್ಲ.

ಅದಾದ ಕೆಲವು ದಿನಕ್ಕೆ ಪ್ರೊಫೆಸರರು ಹೇಳಿ ಕಳಿಸಿದರು. ನನ್ನ ಒಂದು ಅಂಕಿಯಲ್ಲಿ ಅನುಮಾನ ಬಂದಿದೆ, ಇನ್ನೊಮ್ಮೆ ಅಳೆಯಬೇಕು. ಮಾಮಾ ಕಚೇರಿಗೆ ಹೋಗಿದ್ದರು, ನಾನೊಬ್ಬಳೇ ಮುಂಭಾಗದ ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಅವರ ಮಗಳು ಸ್ಟೂಲಿನ ಮೇಲೆ ಕೂತಿದ್ದಳು. ನನಗಿಂತ ಎರಡು ವರ್ಷ ಚಿಕ್ಕವಳು, ಸೊಂಟ ದಾಟಿದ ಜಡೆ. ಬೇರೆ ಮನೆತನದವರ ತಲೆಯನ್ನೂ ಹೋಲಿಸಿ ನೋಡಬೇಕಲ್ಲ, ಅದಕ್ಕೆ ಅವಳನ್ನು ಅಳೆಯುತ್ತಿದ್ದರು.

"ಬಂದ್ಯಾ? ಛಲೋ ಆತು. ಇಕಿ ಜಡಿ ಸ್ವಲ್ಪ ಆ ಕಡೆ ಹಿಡಕೋ," ಅಂದರು.

ಹಿಡಿದುಕೊಂಡೆ. ಎಣ್ಣೆ ಹಚ್ಚಿದ ಜಡೆ ನನ್ನ ಅಂಗೈಯಲ್ಲಿ ಭಾರವಾಗಿತ್ತು. ಅವರು ಬೆರಳಿನಿಂದ ಮಗಳ ಕೂದಲನ್ನು ಮೆಲ್ಲಗೆ ಈಚೆ ಆಚೆ ಸರಿಸಿ, ಕಾಣಿಸಿದ ಬಿಳಿ ಚರ್ಮದ ಮೇಲೆ ಉಕ್ಕಿನ ತುದಿಯನ್ನು ಇಟ್ಟು ಒತ್ತಿದರು. ನೋವಾಯಿತೇ ಎಂದು ಮರಾಠಿಯಲ್ಲಿ ಕೇಳಿದರು. ಇಲ್ಲ ಬಾಬಾ ಅಂದಳು. ಅಂಕಿ ಓದಿದರು.

ನಾನು ಅದನ್ನೇ ನೋಡುತ್ತ ನಿಂತಿದ್ದೆ. ಜಡೆ ಹಿಡಿದುಕೊಂಡೇ ಕೇಳಿದೆ. "ಕೂದಲಾ ಇದ್ರೂ ಅಳತಿ ಬರತದೇನ್ರಿ?"

"ಬರತದಲ್ಲ. ಬಾಜೂಕ ಸರಿಸಿ ಗಟ್ಟ್ಯಾಗಿ ಒತ್ತಿ ಹಿಡದ್ರಾತು. ಕೂದಲೆಳಿ ಎಷ್ಟು ದಪ್ಪ ಇರತದ? ಏನರ ಫರಕ್ ಬಂದ್ರ ಲೆಕ್ಕದಾಗ ಕಳೀಬಹುದು."

"ಹಂಗಾದ್ರ ನಂದು?"

ಅವರು ಪಟ್ಟಿಯ ಗೆರೆಗಳಿಂದ ಕಣ್ಣೆತ್ತಲಿಲ್ಲ. ಪಾಠ ಹೇಳುವ ಅದೇ ಸಮಾಧಾನದ ದನಿಯಲ್ಲಿ ಹೇಳಿದರು. "ಇಕಿದು ಇನ್ನೂ ಲಗ್ನ ಆಗಬೇಕಲ್ಲ, ತಂಗಿ."

ಅವರ ದನಿಯಲ್ಲಿ ಕೆಟ್ಟತನವೇ ಇರಲಿಲ್ಲ. ಈಗಲೂ ನನ್ನನ್ನು ನಡುಗಿಸುವುದು ಅದೇ. ಹಿಂದಿನ ಎಷ್ಟೋ ದಿನಗಳಿಂದ ನಾನು ನನಗೇ ಸಮಾಧಾನ ಹೇಳಿಕೊಂಡಿದ್ದೆ, ಅವರಿಗೆ ಬೇರೆ ದಾರಿ ಇರಲಿಲ್ಲ, ಶೋಧಕ್ಕೆ ಅದು ಬೇಕೇಬೇಕಿತ್ತು ಎಂದು. ಬೇರೆ ದಾರಿ ಅವರ ಬೆರಳ ತುದಿಯಲ್ಲೇ ಇತ್ತು. ನನ್ನ ತಲೆಗಾಗಿ ಅಷ್ಟು ತೊಂದರೆ ತೆಗೆದುಕೊಳ್ಳುವ ಅಗತ್ಯ ಅವರಿಗೆ ಕಾಣಲಿಲ್ಲ, ಅಷ್ಟೇ. ಆ ಹುಡುಗಿ ಕತ್ತು ಹೊರಳಿಸಿ ನನ್ನನ್ನು ನೋಡಿದಳು. ಅವಳಿಗೆ ತಿಳಿಯಿತು, ಅಪ್ಪನಿಗೆ ತಿಳಿಯಲಿಲ್ಲ.

ನಾನು ಜಡೆಯನ್ನು ಅವರ ಕೈಗೇ ಕೊಟ್ಟೆ. "ಇದನ್ನ ನೀವ ಹಿಡಕೋರಿ. ನನ್ನ ತಲಿ ಇನ್ನ ನಿಮಗ ಸಿಗೂದಿಲ್ಲ," ಅಂದೆ. ಅವರು ಮಗಳ ತಲೆಯಿಂದ ಕಣ್ಣೆತ್ತಿದರು. ಬಹುಶಃ ಅಂದೇ ಮೊದಲ ಸಲ ಅವರು ನನ್ನ ಮುಖ ನೋಡಿದ್ದು.

ಮುಂದಿನ ತಿಂಗಳು ಕ್ಷೌರಿಕ ಹಿತ್ತಿಲಿಗೆ ಬಂದು ಕೂತ. ನಾನು ಒಳಖೋಲಿಯಿಂದ ಏಳಲಿಲ್ಲ. ಅಜ್ಜಿ ಕೂಗಿದಳು, ಬೈದಳು, ಅತ್ತಳು. ಮಾಮಾ ಬಂದು, "ಏಳು ತಂಗಿ, ಮಂದಿ ಏನಂದಾರು," ಎಂದು ನನ್ನ ರಟ್ಟೆಗೆ ಕೈ ಹಾಕಿದರು. ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅವ್ವ ಎದ್ದಳು. ಅಣ್ಣನ ಕೈಯನ್ನು ಬಿಡಿಸಿ, ಅವರನ್ನು ಹೊಸ್ತಿಲಾಚೆಗೆ ನೂಕಿ, ಒಳಗಿನಿಂದ ಅಗಳಿ ಹಾಕಿದಳು. ಸೆರಗು ಜಾರಿ ಅವಳ ಬೋಳುತಲೆ ಕಾಣುತ್ತಿತ್ತು. ಬಾಗಿಲಿಗೆ ಬೆನ್ನು ಕೊಟ್ಟು ಕೂತವಳು ಕ್ಷೌರಿಕ ಎದ್ದುಹೋಗುವವರೆಗೂ ಅಲ್ಲಿಂದ ಕದಲಲಿಲ್ಲ.