ಅಡ್ಡ ಬಂದ ಜಗ್ಗಲಿಗೆ

ಇಂದು ಹೋಳಿ. ಬೆಳಗಿನ ಹತ್ತೂವರೆಗೆ ನಾನು ಮುಂಡಗೋಡದ ಒಂದು ಇಳಿಜಾರು ರಸ್ತೆಯ ಕೆಳತುದಿಯಲ್ಲಿ, ಗಂಗವ್ವನ ಚಹಾದಂಗಡಿಗೆ ಬೆನ್ನು ಮಾಡಿ ನಿಂತಿದ್ದೆ. ಮೇಲಿನ ಓಣಿಯ ಮಂಡಳಿಯವರು ತಮ್ಮ ಜಗ್ಗಲಿಗೆಯನ್ನು ಬಾರಿಸುತ್ತ, ಉರುಳಿಸಿಕೊಂಡು ಇಳಿಯುತ್ತಿದ್ದರು. ಎತ್ತಿನ ಗಾಡಿಯ ಚಕ್ರದ ಕಬ್ಬಿಣದ ಪಟ್ಟಿಗೆ ಚರ್ಮ ಬಿಗಿದು ಮಾಡಿದ, ಎದೆಯೆತ್ತರದ ವಾದ್ಯ ಅದು. ಇಳಿಜಾರಿನಲ್ಲಿ ಅದು ಅವರ ಕೈತಪ್ಪಿ ನೇರ ನನ್ನ ಕಡೆಗೆ ಬಂತು. ಹಿಂದೆ ಅಂಗಡಿ; ಪಕ್ಕಕ್ಕೆ ಸರಿಯಲು ಸಮಯವಿರಲಿಲ್ಲ.

ಕೆಳಗಿನ ಓಣಿಯ ಮಂಡಳಿಯ ಹಿರಿಯ ಬಸಪ್ಪನವರು ತಮ್ಮ ಜಗ್ಗಲಿಗೆಯೊಡನೆ ಪಕ್ಕದಲ್ಲಿ ಸರದಿ ಕಾಯುತ್ತಿದ್ದರು. ಅವರೂ ಇನ್ನಿಬ್ಬರೂ ಅದನ್ನು ನನ್ನ ಮುಂದಕ್ಕೆ ಅಡ್ಡ ನೂಕಿದರು. ಎರಡೂ ಡಿಕ್ಕಿ ಹೊಡೆದು ನಿಂತವು. ಕೆಳಗಿನ ಓಣಿಯವರ ಜಗ್ಗಲಿಗೆಯ ಚರ್ಮ ಉದ್ದಕ್ಕೆ ಸೀಳಿತ್ತು. ಹೊಸ ಚರ್ಮ ನೆನೆಸಿ, ಬಿಗಿದು, ಒಣಗಿಸಲು ದಿನಗಳೇ ಬೇಕು. ಅವರ ಈ ವರ್ಷದ ಹೋಳಿ ಅಲ್ಲಿಗೆ ಮುಗಿದಂತೆಯೇ.

“ನನ್ನಿಂದ ನಿಮ್ಮ ಜಗ್ಗಲಿಗೆ ಹೋಯಿತಲ್ಲ,” ಎಂದೆ.

“ಅದಕ್ಕ ಬ್ಯಾರೆ ಚರ್ಮ ಸಿಗತೈತ್ರಿ. ನಿಮಗ ಎಲ್ಲಿಂದ ತರೂಣು?” ಎಂದರು ಬಸಪ್ಪ.

ಒಂದು ಓಣಿಯ ಜಗ್ಗಲಿಗೆಯನ್ನು ಇನ್ನೊಂದು ಓಣಿಯವರು ಮುಟ್ಟುವ ಪದ್ಧತಿ ಅಲ್ಲಿಲ್ಲ. ಆದರೂ ಮೇಲಿನ ಓಣಿಯ ಯಲ್ಲಪ್ಪ ಬಂದು ತನ್ನ ಕೋಲುಗಳನ್ನು ಬಸಪ್ಪನವರಿಗೆ ಚಾಚಿದ. “ಕಾಕಾ, ಮದ್ಲ ನೀವು ಬಾರಸ್ರಿ.”

“ನಿಮ್ಮದಕ್ಕ ನಾದ ಅನ್ನೂದ ಇಲ್ಲಲ್ಲೋ!”

“ಬಾರಿಸಿ ಆಮ್ಯಾಲ ಬೈರಿ.”

ಬಸಪ್ಪ ಬಾರಿಸಿದರು. ಎರಡೂ ಓಣಿಯವರು ಆ ಒಂದೇ ಜಗ್ಗಲಿಗೆಯ ಹಿಂದೆ ನಡೆದರು.

ಇದನ್ನು ನನ್ನೊಡನೆ ತೀರ ಹತ್ತಿರದಿಂದ ಕಂಡವರು ಬಸಪ್ಪ, ಯಲ್ಲಪ್ಪ, ಚಹಾದಂಗಡಿಯ ಗಂಗವ್ವ. ಕೇಳಬೇಕೆಂದರೆ ಮೂವರೂ ಇದ್ದಾರೆ. ನಾನೂ ಇದ್ದೇನೆ.